ಕಾಫಿ ಮಲೆಯಲ್ಲಿ ಕೋವಿಯ ವಾರಾಂತ್ಯ: ಮೋಜು ಯಾರದು, ಹೊಣೆ ಯಾರದು?

ಮಳೆಗಾಲ ಮುಗಿದು ಆಕಾಶ ತಿಳಿಯಾಗುತ್ತಿದ್ದಂತೆ ಬೆಂಗಳೂರಿನಿಂದ ಚಿಕ್ಕಮಗಳೂರಿನತ್ತ ವಾಹನಗಳ ಸಾಲು ಶುರುವಾಗುತ್ತದೆ. ಶುಕ್ರವಾರ ಸಂಜೆ ಹೊರಟವರು ಶನಿವಾರ ಮುಳ್ಳಯ್ಯನಗಿರಿ, ಮೂಡಿಗೆರೆ, ಕಳಸ, ಹೊರನಾಡು ಎಂದು ಸುತ್ತಿ ಭಾನುವಾರ ರಾತ್ರಿ ಮರಳುತ್ತಾರೆ. ಜನದಟ್ಟಣೆ ಎಷ್ಟಾಯಿತೆಂದರೆ ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ವಾಹನಗಳ ಸಂಖ್ಯೆಗೆ ಜಿಲ್ಲಾಡಳಿತ 2025ರಲ್ಲಿ ಮಿತಿಯನ್ನೇ ಹಾಕಬೇಕಾಯಿತು. ಕಾಫಿಯ ಬೆಲೆ ಕುಸಿದಿದ್ದ ವರ್ಷಗಳಲ್ಲಿ ಅನೇಕ ತೋಟಗಾರರ ಮನೆಯ ಒಲೆ ಆರದಂತೆ ನೋಡಿಕೊಂಡದ್ದು ಈ ಅತಿಥಿಗಳೇ. ಆದ್ದರಿಂದ ಪ್ರವಾಸಿಗರನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಅತಿಥಿಗಳ ಬೇಡಿಕೆ ಬದಲಾಗುತ್ತಿದೆ. ಮೊದಲು ಬೆಟ್ಟ ನೋಡಿ, ಅಕ್ಕಿರೊಟ್ಟಿ, ಕಡುಬು ತಿಂದು ತೃಪ್ತರಾಗುತ್ತಿದ್ದವರು ಈಗ ‘ಏನಾದರೂ ಚಟುವಟಿಕೆ ಇದೆಯೇ?’ ಎಂದು ಕೇಳುತ್ತಾರೆ. ಜೀಪು ಸವಾರಿ, ಹಗ್ಗದ ಮೇಲಿನ ಜಾರಾಟ, ಬಿಲ್ಲುಗಾರಿಕೆಗಳ ಸಾಲಿಗೆ ಏರ್‌ಗನ್ ಸೇರಿದೆ. ಏರ್‌ಗನ್ನಿನ ಮುಂದಿನ ಮೆಟ್ಟಿಲು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಮಲೆನಾಡಿನ ಬಹುತೇಕ ತೋಟದ ಮನೆಗಳಲ್ಲಿ ಕೋವಿ ಇದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಇತ್ತೀಚೆಗೆ ನನಗೆ ಪರಿಚಿತರಾದ ಕೆಲವು ಯುವಕರು ಇಂಥದೇ ಒಂದು ಯೋಜನೆಯೊಂದಿಗೆ ಸಲಹೆ ಕೇಳಿದರು. ಹನ್ನೆರಡು ಮಂದಿ ಸಹೋದ್ಯೋಗಿಗಳು, ಕಳಸದ ಕಡೆಯ ಒಂದು ತೋಟ, ಎರಡು ದಿನ. ತೋಟದ ಯಜಮಾನರ ಬಳಿ ಪರವಾನಗಿ ಇರುವ ಜೋಡುನಳಿಗೆ ಕೋವಿ ಇದೆ. ಖಾಲಿ ಡಬ್ಬಿ, ತೆಂಗಿನಕಾಯಿಗಳನ್ನು ಇಟ್ಟು ಗುರಿ ಹೊಡೆಯುವ ಪಂದ್ಯ. ಯಾರೂ ಪ್ರಾಣಿಗಳನ್ನು ಕೊಲ್ಲುವ ಮಾತಾಡಲಿಲ್ಲ, ಎಲ್ಲರೂ ಓದಿದವರು, ಸಂಭಾವಿತರು. ಅವರ ಪ್ರಶ್ನೆ ಇಷ್ಟೇ: ‘ಕೋವಿಗೆ ಲೈಸೆನ್ಸ್ ಇದೆ, ಜಾಗ ಖಾಸಗಿಯದು. ಮತ್ತೇನಾದರೂ ಬೇಕೇ?’ ಜಿಲ್ಲಾ ಆಡಳಿತದಲ್ಲಿದ್ದಾಗ ಆಯುಧ ಪರವಾನಗಿಯ ಕಡತಗಳನ್ನು ನೋಡಿದ ನನಗೆ, ಈ ಸರಳ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಲದು ಎನ್ನಿಸಿತು. ಇದು ಹನ್ನೆರಡು ಮಂದಿಯ ವಾರಾಂತ್ಯದ ಪ್ರಶ್ನೆ ಮಾತ್ರವಲ್ಲ. ಆ ಮಲೆಯಲ್ಲಿ ಕೋವಿಯನ್ನು ಅನಿವಾರ್ಯವಾಗಿ ಇಟ್ಟುಕೊಂಡಿರುವ ಸಾವಿರಾರು ಸಣ್ಣ ಹಿಡುವಳಿದಾರರ ಪ್ರಶ್ನೆಯೂ ಹೌದು.

ಕೋವಿ ಯಾತಕ್ಕಾಗಿ?

ಮಲೆನಾಡಿನಲ್ಲಿ ಕೋವಿ ಪ್ರತಿಷ್ಠೆಯ ವಸ್ತುವಾಗಿದ್ದ ಕಾಲವೊಂದಿತ್ತು. ಬ್ರಿಟಿಷ್ ತೋಟಗಾರರು, ಅವರ ಕ್ಲಬ್ಬುಗಳು, ಗೋಡೆಯ ಮೇಲಿನ ಕೊಂಬಿನ ತಲೆಗಳು ಆ ಕಾಲದ ಗುರುತುಗಳು. ಶಿಕಾರಿ ಗಂಡಸುತನದ ಲಕ್ಷಣವೆಂದು ಭಾವಿಸಲಾಗಿದ್ದ ಆ ಲೋಕ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಕಾನೂನಿನ ದೃಷ್ಟಿಯಲ್ಲಿ ಮುಗಿಯತೊಡಗಿತು. ಬಂದೂಕು, ಶಿಕಾರಿಗಳ ಲೋಕವನ್ನು ಹತ್ತಿರದಿಂದ ಬಲ್ಲ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದದ್ದು ಈ ಬದಲಾವಣೆಗೆ ಒಂದು ಒಳ್ಳೆಯ ಸಂಕೇತ.

ಉಳಿದುಕೊಂಡದ್ದು ಬೆಳೆ ಕಾಯುವ ಕೋವಿ. ಭತ್ತದ ಗದ್ದೆಗೆ ನುಗ್ಗುವ ಕಾಡುಹಂದಿ, ಬಾಳೆ, ಏಲಕ್ಕಿ, ಕಾಫಿ ಹಣ್ಣುಗಳನ್ನು ಹಾಳುಗೆಡವುವ ಮಂಗಗಳು, ಅಡಿಕೆ ಸಸಿ ಮುರಿಯುವ ಕಾಟಿ, ಎಲ್ಲಕ್ಕಿಂತ ಮಿಗಿಲಾಗಿ ಕಾಡಾನೆ: ಇವುಗಳ ನಡುವೆ ಬದುಕುವವನಿಗೆ ಕೋವಿಯ ಒಂದು ಈಡು ಎಂದರೆ ಕೊಲ್ಲುವ ಸಾಧನವಲ್ಲ, ಬೆದರಿಸಿ ಓಡಿಸುವ ಸದ್ದು. ಮೂಡಿಗೆರೆ ತಾಲ್ಲೂಕಿನ ಹುಲ್ಲೇಮನೆ ಕುಂದೂರಿನಲ್ಲಿ 2022ರ ನವೆಂಬರಿನಲ್ಲಿ ಆನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾದಾಗ ಜನರ ಸಿಟ್ಟು ಸ್ಥಳಕ್ಕೆ ಹೋದ ಶಾಸಕರ ಮೇಲೆಯೇ ತಿರುಗಿತ್ತು. ಆ ಊರುಗಳ ಭಯ ಎಂಥದೆಂದು ತಿಳಿಯಲು ಆ ಒಂದು ಘಟನೆ ಸಾಕು. ಭಾರತದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿಗಿಂತ ಕಡಿಮೆ ಜಮೀನು ಉಳ್ಳವರು. ನಗರದವರ ಕಣ್ಣಿಗೆ ಕಾಣುವ ಬಂಗಲೆಯ ಯಜಮಾನರು ಈ ಸಮುದಾಯದ ಸಣ್ಣ ಭಾಗ ಮಾತ್ರ.

ಕಾನೂನು ಹೇಳುವುದೇನು?

1959ರ ಆಯುಧ ಕಾಯ್ದೆ ಕೋವಿಯನ್ನು ಅದರ ಉದ್ದೇಶದಿಂದ ಗುರುತಿಸುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಅದರ 13ನೆಯ ಸೆಕ್ಷನ್ ಮೂರು ಬೇರೆ ಬೇರೆ ಸಂದರ್ಭಗಳನ್ನು ಹೆಸರಿಸುತ್ತದೆ. ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೆರೆಗಳಿಲ್ಲದ ಬಂದೂಕು ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ. ಬಾಯಿಯಿಂದ ಮದ್ದು ತುಂಬುವ ಕೋವಿ ನಿಜವಾದ ಬೆಳೆ ರಕ್ಷಣೆಗೆ. ಪಾಯಿಂಟ್ 22 ರೈಫಲ್ ಅಥವಾ ಏರ್ ರೈಫಲ್, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಅಥವಾ ಸಂಘದ ಸದಸ್ಯನ ಗುರಿ ಅಭ್ಯಾಸಕ್ಕೆ. ಅಂದರೆ ಗುರಿ ಹೊಡೆಯುವ ಹವ್ಯಾಸವನ್ನು ನಮ್ಮ ಕಾನೂನು ಅಪರಾಧವೆಂದು ಕಂಡಿಲ್ಲ. ಅದಕ್ಕೆ ಒಂದು ದಾರಿಯನ್ನು ತೋರಿಸಿದೆ, ಆ ದಾರಿ ಕ್ಲಬ್ಬಿನ ಮತ್ತು ರೇಂಜಿನ ಮೂಲಕ ಹೋಗುತ್ತದೆ. ಬೆಳೆ ಕಾಯಲೆಂದು ಪಡೆದ ಕೋವಿಯಿಂದ ಅತಿಥಿಗಳ ಮನರಂಜನೆ ಮಾಡಿಸುವುದು ಆ ದಾರಿಯಲ್ಲ.

ಎರಡನೆಯ ಅಂಶ ಇನ್ನೂ ಮುಖ್ಯ. ಪರವಾನಗಿ ಕೋವಿಗೆ ಮಾತ್ರ ಸಂಬಂಧಿಸಿದ್ದಲ್ಲ, ಅದನ್ನು ಹಿಡಿಯುವ ವ್ಯಕ್ತಿಗೆ ಸಂಬಂಧಿಸಿದ್ದು. ಪರವಾನಗಿ ಇಲ್ಲದವನು ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇರೆಗೆ ಆಯುಧವನ್ನು ಒಯ್ಯಬಹುದೆಂದು ಕಾಯ್ದೆಯ 3ನೆಯ ಸೆಕ್ಷನ್ ಹೇಳುತ್ತದೆ, ನಿಜ. ಆದರೆ ಅದು ದುರಸ್ತಿಗಾಗಿ, ಪರವಾನಗಿಯ ನವೀಕರಣಕ್ಕಾಗಿ, ಇಲ್ಲವೇ ಆ ಪರವಾನಗಿದಾರನೇ ಬಳಸುವುದಕ್ಕಾಗಿ. ಅತಿಥಿ ಗುಂಡು ಹಾರಿಸಲಿ ಎಂಬುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ‘ನಮ್ಮವರ ಕೋವಿ, ನಮ್ಮವರು ಪಕ್ಕದಲ್ಲೇ ಇರುತ್ತಾರೆ’ ಎಂಬ ಸಮಾಧಾನ ಹನ್ನೆರಡು ಮಂದಿಯನ್ನೂ ಕಾಪಾಡಲಾರದು. ಯಜಮಾನರನ್ನಂತೂ ಕಾಪಾಡುವುದೇ ಇಲ್ಲ.

2019ರ ತಿದ್ದುಪಡಿ ಈ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿದೆ. ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಮೂರರಿಂದ ಎರಡಕ್ಕೆ ಇಳಿಸಲಾಯಿತು, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಲಾಯಿತು. ಅದೇ ತಿದ್ದುಪಡಿ ಸಂಭ್ರಮಕ್ಕಾಗಿ ಗುಂಡು ಹಾರಿಸುವುದನ್ನು ಮೊದಲ ಬಾರಿಗೆ ಹೆಸರಿಟ್ಟು ಗುರುತಿಸಿತು. ಮದುವೆ, ಸಮಾರಂಭ, ಸಾರ್ವಜನಿಕ ಕೂಟಗಳಲ್ಲಿ ಹೀಗೆ ಮಾಡಿ, ಅಥವಾ ಎಲ್ಲೇ ಆಗಲಿ ಉಡಾಫೆಯಿಂದ, ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಇತರರ ಪ್ರಾಣಕ್ಕೆ, ಸುರಕ್ಷತೆಗೆ ಅಪಾಯ ತಂದರೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಉತ್ತರ ಭಾರತದ ಮದುವೆ ಮೆರವಣಿಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ನಿಯಮವಿದು. ತೋಟದ ಹುಲ್ಲುಹಾಸಿನ ಮೇಲೆ ಪಾರ್ಟಿಯ ನಡುವೆ ಹಾರುವ ಗುಂಡು ಇದರಿಂದ ಹೊರಗೆ ಎಂದು ಯಾರೂ ಧೈರ್ಯವಾಗಿ ಹೇಳಲಾರರು.

ಮೂರನೆಯದು ಸ್ಥಳದ ವಿಶೇಷ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಕಳಸದ ಅಂಚಿಗೇ ಇದೆ. ಭದ್ರಾ ಅಭಯಾರಣ್ಯ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಇಂಥ ಸಂರಕ್ಷಿತ ಪ್ರದೇಶಗಳ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಆಯುಧ ಪರವಾನಗಿ ಉಳ್ಳವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದೂ, ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿಯಿಲ್ಲದೆ ಹೊಸ ಪರವಾನಗಿ ಕೊಡಬಾರದೆಂದೂ ವನ್ಯಜೀವಿ ಕಾಯ್ದೆಯ 34ನೆಯ ಸೆಕ್ಷನ್ ಹೇಳುತ್ತದೆ. ಬೇಟೆಯ ಯತ್ನವೂ ಆ ಕಾಯ್ದೆಯ ಪ್ರಕಾರ ಬೇಟೆಯೇ. ಡಬ್ಬಿಗೆ ಗುರಿಯಿಟ್ಟು ಬೇಸರವಾದ ಅತಿಥಿಯೊಬ್ಬ ಸಂಜೆ ಪೊದೆಯಿಂದ ಹೊರಬಂದ ಕಾಡುಕೋಳಿಯ ಕಡೆ ನಳಿಗೆ ತಿರುಗಿಸಿದರೆ, ಆ ಕ್ಷಣದಿಂದ ಅದು ಕ್ರೀಡೆಯಾಗಿ ಉಳಿಯುವುದಿಲ್ಲ.

ಏರ್‌ಗನ್ನಿನ ಬಗ್ಗೆಯೂ ಒಂದು ಮಾತು. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ ನಳಿಗೆಯ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್‌ಗನ್ನಿಗೆ ಪರವಾನಗಿ ಬೇಡ. ಪರವಾನಗಿ ಬೇಡ ಎಂದರೆ ಅಪಾಯವಿಲ್ಲ ಎಂದರ್ಥವಲ್ಲ. ಅದರ ಸೀಸದ ಚೂರು ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗುತ್ತದೆ; ಕಲ್ಲಿಗೋ ಗಟ್ಟಿ ಮರಕ್ಕೋ ತಗುಲಿದರೆ ಹೊಡೆದವನ ಕಡೆಗೇ ಪುಟಿಯುತ್ತದೆ. ಹಕ್ಕಿ ಹೊಡೆದರೆ ವನ್ಯಜೀವಿ ಕಾಯ್ದೆ ಇದಕ್ಕೂ ಅಷ್ಟೇ ಅನ್ವಯ.

ಲಾಭ ಒಬ್ಬರಿಗೆ, ವೆಚ್ಚ ಇನ್ನೊಬ್ಬರಿಗೆ

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ‘ಬಾಹ್ಯ ಪರಿಣಾಮ’ ಎಂಬ ಪರಿಕಲ್ಪನೆ ಪರಿಚಿತ. ಕಾರ್ಖಾನೆಯ ಮಾಲೀಕ ಲಾಭ ಪಡೆಯುತ್ತಾನೆ, ಗ್ರಾಹಕ ಸರಕು ಪಡೆಯುತ್ತಾನೆ, ಹೊಗೆಯನ್ನು ಮಾತ್ರ ಪಕ್ಕದ ಕೇರಿಯವರು ಕುಡಿಯುತ್ತಾರೆ. ಕೋವಿಯ ವಾರಾಂತ್ಯದ ಲೆಕ್ಕವೂ ಹೀಗೆಯೇ. ಸಂತೋಷ ಅತಿಥಿಗೆ, ಬಾಡಿಗೆ ಯಜಮಾನರಿಗೆ. ಅಪಾಯ ಮಾತ್ರ ಆ ವ್ಯವಹಾರದಲ್ಲಿ ಪಾಲೇ ಇಲ್ಲದವರಿಗೆ.

ಮೊದಲು ತೋಟದ ಕೂಲಿಕಾರ್ಮಿಕರನ್ನು ನೋಡಿ. ಪ್ರವಾಸಿಗರು ಹೆಚ್ಚಾಗಿ ಬರುವ ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲವೇ ಕಾಫಿ ಕೊಯ್ಲಿನ ಕಾಲ. ಗಿಡಗಳ ನಡುವೆ ಬಗ್ಗಿ ಹಣ್ಣು ಬಿಡಿಸುವ ಹೆಂಗಸರು ಹತ್ತು ಮಾರು ದೂರದಿಂದಲೂ ಕಾಣುವುದಿಲ್ಲ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಮೇಲೆ ಏಣಿ ಹಾಕಿಕೊಂಡು ಯಾರೋ ಇರುತ್ತಾರೆ. ಲೈನ್ ಮನೆಗಳಿಂದ ಶಾಲೆಗೆ, ಅಂಗಡಿಗೆ ಹೋಗುವ ಕಾಲುದಾರಿ ತೋಟದ ನಡುವೆಯೇ ಹಾಯುತ್ತದೆ. ಈಗೀಗ ಅಸ್ಸಾಮಿನಿಂದಲೂ ಕಾರ್ಮಿಕರು ಬರುತ್ತಿದ್ದಾರೆ. ‘ಇಂದು ಆ ಕಡೆ ಹೋಗಬೇಡಿ’ ಎಂಬ ರೈಟರ ಕನ್ನಡದ ಎಚ್ಚರಿಕೆ ಅವರಿಗೆ ಅರ್ಥವಾಗಿಯೇ ಇರುತ್ತದೆಂಬ ಖಾತ್ರಿಯೂ ಇಲ್ಲ.

ಇನ್ನು ಗುಂಡಿನ ದೂರ. ಎಲ್ಲಕ್ಕಿಂತ ಚಿಕ್ಕದೆಂದು ಹಗುರವಾಗಿ ಕಾಣುವ ಪಾಯಿಂಟ್ 22 ಗುಂಡು ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ಕೋವಿಯ ಸಣ್ಣ ಚೂರುಗಳು ಇನ್ನೂರು ಮೀಟರಿನ ಆಸುಪಾಸಿನಲ್ಲಿ ಬಿದ್ದುಹೋದರೂ ಒಂಟಿ ಗುಂಡು ಅದರ ಹಲವು ಪಟ್ಟು ದೂರ ಸಾಗುತ್ತದೆ. ಬಯಲುಸೀಮೆಯಲ್ಲಾದರೆ ಎದುರಿಗೆ ಏನಿದೆಯೆಂದು ಕಣ್ಣಿಗೆ ಕಾಣುತ್ತದೆ. ಏರು ತಗ್ಗಿನ ಕಾಫಿ ಮಲೆಯಲ್ಲಿ ಹಸಿರು ಪರದೆಯ ಆಚೆಗೆ ಇನ್ನೊಬ್ಬರ ತೋಟವಿದೆಯೋ, ಕಣವಿದೆಯೋ, ರಸ್ತೆಯಿದೆಯೋ ಎಂಬುದು ಊರಿನವರಿಗೆ ಮಾತ್ರ ಗೊತ್ತು. ಅತಿಥಿಗೆ ಕಾಣುವುದು ಡಬ್ಬಿ ಮಾತ್ರ. ಗುರಿಗಾರಿಕೆಯ ಮೊದಲ ಪಾಠವೇ ಗುರಿಯ ಹಿಂದೆ ಏನಿದೆಯೆಂದು ತಿಳಿದಿರಬೇಕೆಂಬುದು. ಆ ಪಾಠವನ್ನು ಪಾಲಿಸಲು ಅತ್ಯಂತ ಕಷ್ಟವಾದ ಭೂಮಿಯೆಂದರೆ ಕಾಫಿ ತೋಟವೇ ಇರಬೇಕು.

ಅವಘಡವಾದರೆ? ಕಳಸದಿಂದ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು ಅಥವಾ ಹಾಸನದ ಕಡೆಗೆ ಗಂಟೆಗಟ್ಟಲೆ ಘಾಟಿಯ ಪ್ರಯಾಣ. ಗುಂಡೇಟಿನ ರಕ್ತಸ್ರಾವ ಅಷ್ಟು ಹೊತ್ತು ಕಾಯುವುದಿಲ್ಲ. ಶಬ್ದ ಮತ್ತು ಸೀಸದ ಲೆಕ್ಕವೂ ಇದೆ. ಹನ್ನೆರಡು ಬೋರಿನ ಒಂದು ಈಡಿನ ಸದ್ದು ಹೊಡೆದವನ ಕಿವಿಯ ಹತ್ತಿರ ಸುಮಾರು 150 ಡೆಸಿಬಲ್. ಆನೆ ಬಂದಾಗ ಒಂದು ಈಡು ಹಾರಿಸಿದರೆ ಸುತ್ತಲಿನ ಊರು ಎಚ್ಚೆತ್ತುಕೊಳ್ಳುತ್ತದೆ. ದಿನವಿಡೀ ಐವತ್ತು ಈಡು ಹಾರಿದರೆ ಆ ಸದ್ದಿಗಿರುವ ಅರ್ಥವೇ ಸತ್ತುಹೋಗುತ್ತದೆ. ಸೀಸ ವಿಷ, ಐರೋಪ್ಯ ಒಕ್ಕೂಟ 2023ರಲ್ಲಿ ಜೌಗು ಪ್ರದೇಶಗಳಲ್ಲಿ ಸೀಸದ ಚೂರುಗಳ ಬಳಕೆಯನ್ನು ನಿಷೇಧಿಸಿದ್ದು ಈ ಕಾರಣಕ್ಕಾಗಿಯೇ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಭದ್ರೆ ಹರಿಯುವುದು ಕಳಸದ ಬದಿಯಲ್ಲಿ. ವಾರ ವಾರವೂ ಒಂದೇ ಇಳಿಜಾರಿಗೆ ಸೀಸ ಸುರಿದು, ಅದನ್ನು ಯಾರೂ ಹೆಕ್ಕದೆ ಬಿಟ್ಟರೆ ಮಳೆ ಅದನ್ನು ಎಲ್ಲಿಗೆ ಒಯ್ಯುತ್ತದೆಂದು ಊಹಿಸಬಹುದು.

ಒಬ್ಬರ ತಪ್ಪಿಗೆ ಎಲ್ಲರಿಗೂ ಬಿಗಿ

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವೆಚ್ಚ. ಅದನ್ನು ತೆರುವವನು ಸಣ್ಣ ಬೆಳೆಗಾರ. ಆಡಳಿತದ ಒಳಗಿದ್ದವರಿಗೆ ಗೊತ್ತು: ಒಂದು ಜಿಲ್ಲೆಯಲ್ಲಿ ಒಂದು ಅವಘಡವಾದರೆ, ಅದು ಪತ್ರಿಕೆಯ ಮುಖಪುಟಕ್ಕೆ ಬಂದರೆ, ಅಧಿಕಾರಿಯ ಮೊದಲ ಪ್ರತಿಕ್ರಿಯೆ ಎಲ್ಲ ಪರವಾನಗಿಗಳನ್ನೂ ಪರಿಶೀಲಿಸಲು ಆದೇಶಿಸುವುದು. ನವೀಕರಣದ ಅರ್ಜಿಗಳು ಪೊಲೀಸ್ ವರದಿಗಾಗಿ ಕಾಯುತ್ತವೆ, ಅರಣ್ಯ ಇಲಾಖೆಯ ಅಭಿಪ್ರಾಯಕ್ಕಾಗಿ ಕಾಯುತ್ತವೆ. ಪ್ರಭಾವ ಉಳ್ಳವರ ಕಡತ ಹೇಗೋ ಮುಂದೆ ಸಾಗುತ್ತದೆ. ಎರಡು ಎಕರೆಯ ರೈತ ತಾಲ್ಲೂಕು ಕಚೇರಿಗೆ ಅಲೆಯುತ್ತಾನೆ.

ಈ ಮಲೆಯ ಜನ ಇಂಥ ಬಿಗಿಯನ್ನು ಈಗಾಗಲೇ ಸಾಕಷ್ಟು ಕಂಡಿದ್ದಾರೆ. ನಕ್ಸಲ್ ಚಟುವಟಿಕೆಯ ವರ್ಷಗಳಲ್ಲಿ, 2005ರ ಫೆಬ್ರುವರಿಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ ಬಲಿಗೆಯ ಘಟನೆಯಿಂದ ಮುಂದೆ, ಮಲೆನಾಡಿನ ಕಾಡಂಚಿನಲ್ಲಿ ಗುಂಡಿನ ಸದ್ದು ಎಂದರೆ ಸಂಶಯ, ವಿಚಾರಣೆ, ಶೋಧ. ಆರು ಮಂದಿ ನಕ್ಸಲರು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಮುಂದೆ ಶರಣಾದ ಮೇಲೆ ಆ ನೆರಳು ಬಹುಮಟ್ಟಿಗೆ ಸರಿದಿದೆ. ಆದರೆ ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಸೂಚನೆ ಈಗಲೂ ಬರುತ್ತದೆ. ಯಾರ ಆಯುಧವನ್ನು ಇಡಿಸಿಕೊಳ್ಳಬೇಕೆಂದು ಪರಿಶೀಲನಾ ಸಮಿತಿ ಪ್ರಕರಣವಾರು ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ನಡೆಯುವುದು ಹಲವೆಡೆ ಸಾರಾಸಗಟು ಆದೇಶ. ಬೆಳೆ ಕಾಯಬೇಕಾದ ತಿಂಗಳುಗಳಲ್ಲಿ ಕೈಖಾಲಿಯಾಗುವ ರೈತರು ಇದರ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು.

ಅವರ ವಾದಕ್ಕೆ ಇರುವ ಬಲ ಒಂದೇ: ‘ನಮ್ಮ ಕೋವಿ ಮೋಜಿಗಲ್ಲ, ಬೆಳೆಗೆ.’ ಅದೇ ಬಗೆಯ ಪರವಾನಗಿಯ ಕೋವಿಗಳು ಹೋಂಸ್ಟೇಯ ಆಕರ್ಷಣೆಯಾಗಿ ಮೊಬೈಲ್ ವಿಡಿಯೊಗಳಲ್ಲಿ ಕಾಣಿಸಿಕೊಂಡ ದಿನ ಈ ವಾದ ಕುಸಿಯುತ್ತದೆ. ಪರವಾನಗಿಯ ಮೇಲಿನ ಸಾರ್ವಜನಿಕ ವಿಶ್ವಾಸ ಊರಿನ ಗೋಮಾಳದಂತೆ ಎಲ್ಲರಿಗೂ ಸೇರಿದ್ದು. ಕೆಲವರು ಅದರಲ್ಲಿ ಮನಬಂದಂತೆ ಮೇಯಿಸಿದರೆ ಉಳಿದವರ ದನಕ್ಕೆ ಹುಲ್ಲು ಉಳಿಯುವುದಿಲ್ಲ.

ಕೊಡಗಿನ ಉದಾಹರಣೆ

‘ಪಕ್ಕದ ಕೊಡಗಿನಲ್ಲಿ ಇಲ್ಲವೇ?’ ಎಂಬ ಪ್ರಶ್ನೆ ಸಹಜ. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆಯುಧ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು.

ಆದರೆ ಈ ಹೋಲಿಕೆಯಿಂದ ಕಲಿಯಬೇಕಾದ ಪಾಠವೇ ಬೇರೆ. ಆ ವಿನಾಯಿತಿ ಒಂದು ಸಮುದಾಯಕ್ಕೆ, ಒಂದು ಬಗೆಯ ಭೂಹಿಡುವಳಿಗೆ ಚಾರಿತ್ರಿಕ ಕಾರಣದಿಂದ ದೊರೆತದ್ದು. ಮೂಡಿಗೆರೆಯ ತೋಟಗಾರನಿಗೆ ಅದಿಲ್ಲ, ಬೆಂಗಳೂರಿನ ಅತಿಥಿಗೂ ಇಲ್ಲ. ಕೊಡಗಿನ ಸ್ಪರ್ಧೆಗೆ ನಿಗದಿಯಾದ ಸಂದರ್ಭವಿದೆ, ನಡೆಸಲು ಹೆಸರುಳ್ಳ ಜನರಿದ್ದಾರೆ, ಊರೆಲ್ಲ ನೋಡುತ್ತಿರುತ್ತದೆ. ಕೋವಿ ಹಿಡಿಯುವವನು ಅದರೊಂದಿಗೇ ಬೆಳೆದವನು. ಜೀವನದಲ್ಲಿ ಮೊದಲ ಬಾರಿ ಕೋವಿ ಮುಟ್ಟುವ ಹನ್ನೆರಡು ಮಂದಿ, ಪಕ್ಕದ ಮೇಜಿನ ಮೇಲೆ ಬಿಯರ್ ಬಾಟಲಿ, ಕೈಯಲ್ಲಿ ಮೊಬೈಲು: ಇದಕ್ಕೂ ಅದಕ್ಕೂ ಹೋಲಿಕೆ ಸಲ್ಲದು.

ನಿಷೇಧವಲ್ಲ, ವ್ಯವಸ್ಥೆ

ಹಾಗಾದರೆ ಎಲ್ಲವನ್ನೂ ನಿಷೇಧಿಸಬೇಕೇ? ನನ್ನ ಅಭಿಪ್ರಾಯ ಹಾಗಿಲ್ಲ. ನೂರಾರು ಎಕರೆಯ ಖಾಸಗಿ ತೋಟದೊಳಗೆ ಏನು ನಡೆಯುತ್ತದೆಂದು ಕಾಯುವಷ್ಟು ಪೊಲೀಸರು ಯಾವ ಜಿಲ್ಲೆಯಲ್ಲೂ ಇಲ್ಲ. ಬರೀ ನಿಷೇಧ ಈ ಚಟುವಟಿಕೆಯನ್ನು ಇನ್ನಷ್ಟು ಒಳಕ್ಕೆ, ಇನ್ನಷ್ಟು ಕತ್ತಲೆಗೆ ತಳ್ಳುತ್ತದೆ. ಅದಲ್ಲದೆ ಗುರಿಗಾರಿಕೆ ಗೌರವದ ಕ್ರೀಡೆ. 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದರು. 2008ರಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದುಕೊಟ್ಟದ್ದು ಹತ್ತು ಮೀಟರ್ ಏರ್ ರೈಫಲ್‌ನಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಗೆದ್ದ ಆರು ಪದಕಗಳಲ್ಲಿ ಮೂರು ಶೂಟಿಂಗ್‌ನಿಂದ ಬಂದವು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲಿನಲ್ಲಿ ಒಲಿಂಪಿಕ್ಸ್‌ವರೆಗೆ ಹೋದವರು. ಹತ್ತು ಮೀಟರಿನ ಏರ್ ರೈಫಲ್‌ಗೆ ಬೇಕಾದದ್ದು ಒಂದು ಸಾಧಾರಣ ಸಭಾಂಗಣದಷ್ಟು ಜಾಗ, ಗಟ್ಟಿಯಾದ ಹಿಂಗೋಡೆ, ಒಬ್ಬ ತರಬೇತುದಾರ.

ಇಂಗ್ಲೆಂಡಿನ ಕಾನೂನಿನಲ್ಲಿ ನಮಗೆ ಉಪಯುಕ್ತವಾದ ಒಂದು ಅಂಶವಿದೆ. ಅಲ್ಲಿನ 1968ರ ಬಂದೂಕು ಕಾಯ್ದೆಯ ಪ್ರಕಾರ, ಪೊಲೀಸ್ ಮುಖ್ಯಾಧಿಕಾರಿ ಒಪ್ಪಿದ ಸ್ಥಳದಲ್ಲಿ, ಒಪ್ಪಿದ ಸಮಯದಲ್ಲಿ, ಕೃತಕ ಗುರಿಗಳಿಗೆ ಹೊಡೆಯಲು ಪ್ರಮಾಣಪತ್ರ ಇಲ್ಲದವರಿಗೂ ಅವಕಾಶವಿದೆ. ಹಳ್ಳಿಗಾಡಿನ ವಾರಾಂತ್ಯಗಳಲ್ಲಿ ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಹಾರಿಸಿ ಹೊಡೆಯುವ ಕೂಟಗಳು ಅಲ್ಲಿ ಸಾಮಾನ್ಯವಾಗಿರುವುದು ಈ ಅವಕಾಶದಿಂದ. ವ್ಯಕ್ತಿಗೆ ಇಲ್ಲದ ಅನುಮತಿಯನ್ನು ಸ್ಥಳಕ್ಕೆ ಮತ್ತು ಸಮಯಕ್ಕೆ ಕೊಡುವುದು ಅದರ ತಿರುಳು. ನಮ್ಮ ಕಾಯ್ದೆಯಲ್ಲಿ ಇಂಥ ನೇರ ವಿನಾಯಿತಿ ಇಲ್ಲದಿದ್ದರೂ ರೈಫಲ್ ಕ್ಲಬ್ಬುಗಳ ಮೂಲಕ ಅದರ ಹತ್ತಿರಕ್ಕೆ ಬರಲು ಸಾಧ್ಯವಿದೆ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುವ ಪರಿಪಾಠವೂ ಇದೆ. ಅದನ್ನೇ ಬೆಳೆಸಬಹುದು.

ಜಿಲ್ಲಾಡಳಿತ ಮಾಡಬಹುದಾದದ್ದು ಮೂರು ಕೆಲಸ. ಒಂದು, ರಾಜ್ಯ ರೈಫಲ್ ಸಂಸ್ಥೆಯ ನೆರವಿನಿಂದ ಚಿಕ್ಕಮಗಳೂರು ಅಥವಾ ಮೂಡಿಗೆರೆಯಲ್ಲಿ ಸಾರ್ವಜನಿಕರಿಗೆ ತೆರೆದ ರೇಂಜ್ ಸ್ಥಾಪಿಸುವುದು. ವಾರಾಂತ್ಯದಲ್ಲಿ ಪ್ರವಾಸಿಗರಿಂದ ಶುಲ್ಕ ಪಡೆದು, ಆ ಹಣದಿಂದ ವಾರದ ದಿನಗಳಲ್ಲಿ ಸ್ಥಳೀಯ ಮಕ್ಕಳಿಗೆ ತರಬೇತಿ ಕೊಡುವುದು. ಎರಡು, ಹೋಂಸ್ಟೇ ನೋಂದಣಿಯ ಷರತ್ತುಗಳಲ್ಲಿ ಅತಿಥಿಗಳ ಕೈಗೆ ಬಂದೂಕು ಕೊಡಬಾರದೆಂದು ಸ್ಪಷ್ಟವಾಗಿ ಬರೆಯುವುದು. ಏರ್‌ಗನ್ ಇಡುವವರಿಗೆ ಹಿಂಗೋಡೆ, ಕಣ್ಣಿನ ರಕ್ಷಣೆ, ಉಸ್ತುವಾರಿಗಳನ್ನು ಕಡ್ಡಾಯಗೊಳಿಸುವುದು. ಮೂರು, ಈ ಎರಡನ್ನೂ ಮಾಡುವಾಗ ಬೆಳೆ ರಕ್ಷಣೆಯ ಪರವಾನಗಿಗಳ ನವೀಕರಣವನ್ನು ಕಾಲಮಿತಿಯೊಳಗೆ ಮುಗಿಸುವುದು. ಮೋಜಿನ ಕೋವಿಗೆ ಬಿಗಿ, ಬೆಳೆಯ ಕೋವಿಗೆ ಸರಾಗ ಎಂಬ ಭೇದ ಆಡಳಿತದ ನಡೆಯಲ್ಲಿ ಕಾಣದಿದ್ದರೆ ಯಾವ ಹಳ್ಳಿಯೂ ಸಹಕರಿಸುವುದಿಲ್ಲ.

ತೋಟದ ಯಜಮಾನರೂ ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬೇಕು. ಎರಡು ರಾತ್ರಿಯ ಬಾಡಿಗೆಗಾಗಿ ಪಣಕ್ಕಿಡುತ್ತಿರುವುದು ತಲೆಮಾರಿನಿಂದ ಬಂದ ಪರವಾನಗಿಯನ್ನು, ಕೆಲಸದವರ ಪ್ರಾಣವನ್ನು, ಕೊನೆಗೆ ತಮ್ಮ ಸ್ವಾತಂತ್ರ್ಯವನ್ನು. ಬೆಳೆಗಾರರ ಸಂಘಗಳು ಕಾಡಾನೆ, ಬೆಲೆ, ಸಾಲಗಳ ಬಗ್ಗೆ ಎತ್ತುವ ದನಿಯನ್ನು ಈ ವಿಷಯದಲ್ಲಿಯೂ ತಮ್ಮ ಸದಸ್ಯರ ನಡುವೆ ಎತ್ತುವುದು ಒಳ್ಳೆಯದು.

ಗುಂಪಾಗಿ ಹೋಗುವ ಆಸೆಯಿರುವವರಿಗೆ ನನ್ನ ಸಲಹೆ ಹೀಗಿದೆ. ಜಾಗವನ್ನು ಗೊತ್ತುಮಾಡುವ ಮುಂಚೆ ಮಾನ್ಯತೆ ಪ���ದ ಕ್ಲಬ್ ಅಥವಾ ರೇಂಜ್ ಯಾವುದೆಂದು ನೋಡಿ. ಅದು ಬೆಂಗಳೂರಿನಲ್ಲೇ ಇದ್ದರೆ ಅಲ್ಲಿಯೇ ಒಂದು ಬೆಳಗಿನ ತರಬೇತಿ ಪಡೆಯಿರಿ, ಆಮೇಲೆ ಮಲೆನಾಡಿಗೆ ಹೋಗಿ. ಆತಿಥೇಯರ ಕೋವಿ ಆತಿಥೇಯರ ಬೀರುವಿನಲ್ಲೇ ಇರಲಿ. ಏರ್ ರೈಫಲ್ ಇದ್ದರೆ ಮಣ್ಣಿನ ದಿಬ್ಬದ ಮುಂದೆ, ಕಾಗದದ ಗುರಿಗೆ, ಒಬ್ಬರ ನಂತರ ಒಬ್ಬರು, ಗುರಿಗೆರೆಯ ಉಸ್ತುವಾರಿ ಒಬ್ಬನ ಕೈಯಲ್ಲಿರುವಂತೆ ಹೊಡೆಯಿರಿ. ಕಲ್ಲು, ಲೋಹ, ಬಾಟಲಿ ಬೇಡ. ಮದ್ಯದ ಬಾಟಲಿ ತೆರೆದ ಮೇಲೆ ಅಂದಿನ ಗುರಿಗಾರಿಕೆ ಮುಗಿಯಿತೆಂದು ತಿಳಿಯಿರಿ. ತೋಟದ ಕೆಲಸದವರು ಎಲ್ಲಿದ್ದಾರೆಂದು ರೈಟರನ್ನು ಕೇಳಿಕೊಳ್ಳಿ. ಅವರು ‘ಇವತ್ತು ಬೇಡ’ ಎಂದರೆ ಮರುಮಾತಿಲ್ಲದೆ ಒಪ್ಪಿಕೊಳ್ಳಿ. ಇಷ್ಟನ್ನು ಪಾಲಿಸಿದರೆ ವಾರಾಂತ್ಯದ ಸಂತೋಷಕ್ಕೆ ಏನೂ ಕೊರತೆಯಾಗದು.

ಪ್ರವಾಸೋದ್ಯಮದ ಬೆಳವಣಿಗೆಯನ್ನು ನಾವು ಕೊಠಡಿಗಳ ಸಂಖ್ಯೆಯಿಂದ, ವಾಹನಗಳ ಸಂಖ್ಯೆಯಿಂದ ಅಳೆಯುತ್ತೇವೆ. ಅದರ ಅಪಾಯವನ್ನು ಹೊರುವವರು ಯಾರೆಂದು ಅಳೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಮುಳ್ಳಯ್ಯನಗಿರಿಯ ರಸ್ತೆಗೆ ಮಿತಿ ಹಾಕಲು ಜಿಲ್ಲಾಡಳಿತ ದಟ್ಟಣೆ ಮಿತಿಮೀರುವವರೆಗೆ ಕಾಯಿತು. ಕೋವಿಯ ವಿಷಯದಲ್ಲಿ ಹಾಗೆ ಕಾಯುವುದೆಂದರೆ ಯಾರದೋ ಸಾವಿಗಾಗಿ ಕಾಯುವುದೆಂದೇ ಅರ್ಥ. ಹೋಂಸ್ಟೇ ನೋಂದಣಿಯ ಷರತ್ತಿಗೆ ಒಂದು ಸಾಲು ಸೇರಿಸಲು, ರೇಂಜ್‌ಗಾಗಿ ಒಂದು ಎಕರೆ ಜಾಗ ಗುರುತಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಮುಂದಿನ ಕೊಯ್ಲಿಗೆ ಹೆಂಗಸರು ಬುಟ್ಟಿ ಹಿಡಿದು ಗಿಡಗಳ ನಡುವೆ ಇಳಿಯುವ ಮುಂಚೆ ಈ ಎರಡು ಕೆಲಸ ಆಗಬೇಕು.